ಆಲಸ್ಯದ ವಿಳಾಸ ಯಾವ ಪೇಠೆ?

ಪುಣೆಯಲ್ಲಿ ಆಲಸ್ಯಕ್ಕೆ ಮರ್ಯಾದೆ ಉಂಟು. ಹಳೆಯ ಪೇಠೆಗಳಲ್ಲಿ ಮಧ್ಯಾಹ್ನ ಒಂದಕ್ಕೆ ಶಟರ್ ಎಳೆದು, ಊಟ ಮುಗಿಸಿ, ಎಡಮಗ್ಗುಲಾಗಿ ಒರಗಿದವನನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ಅದು ವಾಮಕುಕ್ಷಿ, ಆರೋಗ್ಯದ ಕೆಲಸ. ನಾಲ್ಕರೊಳಗೆ ಅವನ ಮನೆಯ ಗಂಟೆ ಒತ್ತಿದವನೇ ಅಪರಾಧಿ. ಅಂಥವರಿಗೆಂದೇ ಬಾಗಿಲ ಮೇಲೊಂದು ಪಾಟಿ ತೂಗುತ್ತಿರುತ್ತದೆ. ಅದನ್ನು ಓದಿದವನು ಗಂಟೆ ಒತ್ತುವುದಂತೂ ದೂರ, ಹುಟ್ಟಿದ್ದೇ ತಪ್ಪಾಯಿತೇನೋ ಎಂದುಕೊಂಡು ಮೆಟ್ಟಿಲಿಳಿಯಬೇಕು. ಅಷ್ಟು ವಿನಯ ಅದರ ಒಕ್ಕಣೆಯಲ್ಲಿ.

ಹೀಗೆ ವೇಳೆ ಗೊತ್ತು ಮಾಡಿಕೊಂಡು ನಡೆಸುವ ಆಲಸ್ಯದಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆಯೇನಿದ್ದರೂ ನಾಲ್ಕರ ಚಹಾ ಕುಡಿದ ಮೇಲೂ ಮುಗಿಯದ ಆಲಸ್ಯದ್ದು. ಮೈಯಲ್ಲಿ ಜಡ್ಡಿಲ್ಲ, ಮಾಡುವುದು ಬೇಕಾದಷ್ಟಿದೆ, ಹೊತ್ತೂ ಇದೆ. ಆದರೆ 'ಯಾಕೋ ಮೂಡಿಲ್ಲ'.

ನಮ್ಮ ಕನ್ನಡ ನಾಡಿನಲ್ಲಿ ಒಂದು ಕಾಲಕ್ಕೆ ದೆವ್ವ ಬರುತ್ತದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಆ ಬರಹ ಕಂಡವರಿದ್ದಾರೆ. ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಪಾಪ, ಬರೆದ ಮಾತಿಗೆ ಬೆಲೆ ಕೊಟ್ಟು ತಿರುಗಿ ಹೋಗುತ್ತಿತ್ತು. ಈಗ ದೆವ್ವದ ಕಾಟ ಇಲ್ಲ, ಆದರೆ ರೂಢಿ ಬಿಟ್ಟಿಲ್ಲ. ಅದೇ ಮಾತನ್ನು ಗ್ಯಾಸ್ ಬುಕಿಂಗಿಗೆ, ಹಲ್ಲಿನ ಡಾಕ್ಟರಿಗೆ, ಬ್ಯಾಂಕಿನ ಕೆವೈಸಿಗೆ ಹೇಳುತ್ತೇವೆ. ದೆವ್ವಕ್ಕಿದ್ದ ಸೌಜನ್ಯ ಇವಕ್ಕಿಲ್ಲ. ನಾಳೆ ಬಾ ಅಂದರೆ ನಾಳೆಯೇ ಬಂದು ನಿಲ್ಲುತ್ತವೆ, ಬರುವಾಗ ಜೊತೆಗೆ ಇನ್ನೆರಡನ್ನು ಕರೆತರುತ್ತವೆ.

ಈ ಕಾಯಿಲೆಗೆ ಈಗಿನ ಮದ್ದು ಮೈಂಡ್ ಮ್ಯಾಪು. ನಮ್ಮ ಸೋದರಮಾವನಿಗೆ ಅದನ್ನು ಬರೆದುಕೊಟ್ಟವಳು ಅವರ ಸೊಸೆ. ಅವಳದು ಹಿಂಜವಡಿಯ ಐಟಿ ಪಾರ್ಕಿನಲ್ಲಿ ನೌಕರಿ. ಮನೆಯಿಂದ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಬಾಳಿನ ಎಲ್ಲ ಸಮಸ್ಯೆಗಳನ್ನೂ ಯೋಚಿಸಿ ಮುಗಿಸುವಷ್ಟು ಪುರುಸೊತ್ತು ರಸ್ತೆಯೇ ಒದಗಿಸುತ್ತದೆ. ಮಾಮಾ ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರಾಗಿ ಕೋಥರೂಡಿನಲ್ಲಿ ನೆಲೆಸಿದವರು. ಈ ಮಳೆಗಾಲದಿಂದ ಅವರು ಬೆಳಗ್ಗೆ ಟೇಕಡಿ, ಅಂದರೆ ಗುಡ್ಡ, ಹತ್ತುವುದನ್ನು ಬಿಟ್ಟರು, ಹಾರ್ಮೋನಿಯಂ ಮಂಚದ ಕೆಳಗೆ ಸೇರಿತು, ಕನ್ನಡ ಸಂಘದ ಕಾರ್ಯಕ್ರಮವಿದ್ದ ದಿನವೇ ಅವರಿಗೆ ಮೊಣಕಾಲು ನೋವು. ಕೇಳಿದರೆ, “ಯಾತಕ್ಕೂ ಮನಸ್ಸ ಬರವಲ್ದು ನೋಡಪಾ” ಅನ್ನುವರು.

“ಮಾವನವರ, ಎಲ್ಲಾ ತಲ್ಯಾಗ ಇಟಗೊಂಡ್ರ ತಲಿ ಭಾರ ಆಗ್ತದ. ಕಾಗದದ ಮ್ಯಾಲೆ ಇಳಸ್ರಿ” ಅಂದಳು ಸೊಸೆ.

ವಿಧಾನ ಇಷ್ಟೇ. ಕಾಗದವನ್ನು ಅಡ್ಡ ಇಡಬೇಕು. ನಡುವೆ ಒಂದು ಚಿತ್ರ. ಅದರಿಂದ ಸುತ್ತಲೂ ಕೊಂಬೆಗಳು, ಕೊಂಬೆಯಿಂದ ರೆಂಬೆಗಳು. ಒಂದು ಗೆರೆಗೆ ಒಂದೇ ಪದ. ಗೆರೆ ನೆಟ್ಟಗಿರಬಾರದು, ಬಳ್ಳಿಯಂತೆ ಬಾಗಿರಬೇಕು. ಬಣ್ಣ ಮೂರಾದರೂ ಬೇಕು. ಈ ಕಟ್ಟಳೆಗಳನ್ನು ಮಾಡಿದವನು ಟೋನಿ ಬುಜಾನ್ ಎಂಬ ಆಂಗ್ಲ. 1974ರಲ್ಲಿ ಬಿಬಿಸಿ ಟೀವಿಯಲ್ಲಿ ತಲೆಯನ್ನು ಬಳಸುವುದು ಹೇಗೆಂದು ಪಾಠ ಹೇಳಿ ಮೈಂಡ್ ಮ್ಯಾಪಿಗೆ ಹೆಸರು ತಂದ, 2019ರಲ್ಲಿ ತೀರಿಕೊಂಡ.

ಮಾಮಾ ಮೊದಲು ತಕರಾರು ತೆಗೆದರು. ಧಾರವಾಡಕ್ಕೆ 1917ರಲ್ಲಿ ಕರ್ನಾಟಕ ಕಾಲೇಜು ಬರುವ ಮುಂಚೆ ನಮ್ಮ ಹುಡುಗರು ಹೆಚ್ಚಿನ ಓದಿಗೆ ಪುಣೆಗೋ ಮುಂಬಯಿಗೋ ಹೋಗುತ್ತಿದ್ದರು; ಆಲೂರು ವೆಂಕಟರಾಯರು, ಬೇಂದ್ರೆಯವರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲೇ ಓದಿದ್ದು; ಅವರೇನು ಬಣ್ಣದ ಪೆನ್ನು ಹಿಡಿದು ಬಳ್ಳಿ ಬಿಡಿಸಿದ್ದರೇ ಎಂದು ಕೇಳಿದರು. ಆಮೇಲೆ ಎರಡನೆಯ ತಕರಾರು, ಪ್ರತಿಯೊಬ್ಬ ನಿವೃತ್ತನ ಜೇಬಿನಲ್ಲೂ ಸದಾ ಸಿದ್ಧವಿರುವಂಥದ್ದು: ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಬೇರು ಮೇಲಾಗಿ ಕೊಂಬೆ ಕೆಳಗಾದ ಅಶ್ವತ್ಥ ಇದೆಯಲ್ಲ, ಅದೇನು? ಚಿತ್ರಕಾವ್ಯ ಬರೆದ ಪಂಡಿತರ ಪದ್ಮಬಂಧದಲ್ಲಿ ನಡುವಿನ ಒಂದೇ ಅಕ್ಷರಕ್ಕೆ ಸುತ್ತಲಿನ ದಳಗಳೆಲ್ಲ ಬಂದು ಕೂಡುತ್ತವಲ್ಲ, ಅದೇನು?

ಮಾತು ಖರೆ. ಆದರೆ ಪದ್ಮಬಂಧ ಬರೆದ ಪಂಡಿತನಿಗೆ ಮನೆಯ ನಳ ಸೋರುವುದು ನೆನಪಿತ್ತೇ ಎಂಬುದಕ್ಕೆ ಆಧಾರವಿಲ್ಲ. ಅಶ್ವತ್ಥದ ಮಾತು ಹೇಳುವುದೇ ಬೇಡ. ಗೀತೆ ಅದನ್ನು ವರ್ಣಿಸಿದ್ದೇ ಬುಡಸಹಿತ ಕಡಿದು ಹಾಕು ಅನ್ನುವುದಕ್ಕೆ.

ಕೊನೆಗೆ ಮಾಮಾ ಒಪ್ಪಿದರು. ಒಪ್ಪಿದ ಮೇಲೆ ತಯಾರಿ ಬೇಡವೇ? ಬುಧವಾರ ಪೇಠೆಯ ಅಪ್ಪಾ ಬಳವಂತ ಚೌಕಕ್ಕೆ ಹೋದರು. ಪುಸ್ತಕ, ವಹಿ, ಪೆನ್ನುಗಳ ಪೇಟೆ ಅದು. ಜೂನ್ ತಿಂಗಳಲ್ಲಿ ಅಲ್ಲಿ ನೆಲ ಕಾಣುವುದಿಲ್ಲ, ಬರೀ ತಾಯಂದಿರ ತಲೆ. ಸ್ಕೆಚ್ ಪೆನ್ನು, ಜೆಲ್ ಪೆನ್ನು, ಹೊಳೆಯುವ ಹೈಲೈಟರು, ಡ್ರಾಯಿಂಗ್ ವಹಿ ಎಲ್ಲ ಬಂತು. ಮನೆಗೆ ಬಂದು ನಡುವಿನ ಚಿತ್ರಕ್ಕೆ ಗಣಪತಿ ಬರೆಯಲು ಕುಳಿತರು. ಸೊಂಡಿಲು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಎದ್ದಿತು. ಕಸಬಾ ಪೇಠೆಯ ಗ್ರಾಮದೇವತೆಯ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನಾಲ್ಕು ಮಂದಿಗೆ ಫೋನು ಹೋಯಿತು. ಸಂಜೆಯೊಳಗೆ ಗಣಪತಿ ಆಯಿತು, ಇಲಿ ಆಯಿತು, ಮೋದಕಕ್ಕೆ ಹಳದಿಯೂ ಆಯಿತು. ಕೊಂಬೆ ಒಂದೂ ಆಗಲಿಲ್ಲ.

ಈ ಮದ್ದಿನಲ್ಲೇ ಇರುವ ಕಾಯಿಲೆ ಇದು. ಮಾಡುವ ಕೆಲಸದ ಚಿತ್ರ ಬಿಡಿಸುವುದು ಕೆಲಸ ಮಾಡುವುದಕ್ಕಿಂತ ಎಷ್ಟೋ ಸುಖ. ಕೈಗೆ ಬಣ್ಣ ಮೆತ್ತಿದೆ, ಬೆನ್ನು ನೋಯುತ್ತಿದೆ, ದಿನ ಸಾರ್ಥಕವಾಯಿತೆಂಬ ದಣಿವೂ ಬಂದಿದೆ. ನಳ ಮಾತ್ರ ಸೋರುತ್ತಲೇ ಇದೆ. ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಈ ಮದ್ದನ್ನು ಪ್ರಯೋಗಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಕೇಳಿದರೆ ನಗು ಬರುತ್ತದೆ. ಮೈಂಡ್ ಮ್ಯಾಪ್ ಬರೆದು ಓದಿದವರಿಗೆ ವಾರ ಕಳೆದ ಮೇಲೂ ಓದಿದ್ದು ಹೆಚ್ಚು ನೆನಪಿತ್ತು. ಆದರೆ ತಾವು ಓದಿದ ರೀತಿಯ ಬಗ್ಗೆ ಉತ್ಸಾಹ ಎಷ್ಟಿತ್ತೆಂದು ನೋಡಿದರೆ, ತಮ್ಮ ಹಳೆಯ ಪದ್ಧತಿಯಲ್ಲೇ ಓದಿಕೊಂಡವರಿಗಿಂತ ಇವರಿಗೆ ಕಡಿಮೆ! ಉತ್ಸಾಹಕ್ಕೆಂದು ನಾವು ತರಿಸಿಕೊಳ್ಳುವ ಔಷಧ ಆ ಹುಡುಗರಲ್ಲಿ ಇದ್ದ ಉತ್ಸಾಹವನ್ನೂ ಇಳಿಸಿತ್ತು.

ಹಾಗಾದರೆ ಇದರ ಉಪಯೋಗವೇನು? ಅದು ತಿಳಿಯಬೇಕಾದರೆ ಪುಣೆಯಲ್ಲಿ ವಿಳಾಸ ಹುಡುಕಿ ಅಲೆದಿರಬೇಕು.

ವಾರದ ಏಳು ದಿನಕ್ಕೂ ಒಂದೊಂದು ಪೇಠೆ ಇರುವ ಊರಿದು. ಸೋಮವಾರದಿಂದ ರವಿವಾರದವರೆಗೆ ಒಂದನ್ನೂ ಬಿಟ್ಟಿಲ್ಲ. ಹೊಸಬರು ನಕಾಶೆ ನೋಡಿ, ಅಬ್ಬಾ, ಈ ಊರವರು ದಿನಚರಿಯನ್ನು ನೆಲದ ಮೇಲೇ ಬರೆದಿಟ್ಟುಕೊಂಡಿದ್ದಾರೆ ಅಂದುಕೊಳ್ಳಬೇಕು. ಅದನ್ನು ನಂಬಿ ಹೊರಟರೆ ಒಂದು ಪೆನ್ಸಿಲಿಗೆ ಬುಧವಾರದವರೆಗೆ ಕಾಯಬೇಕು, ಪೇಶ್ವೆ ಬಾಜೀರಾಯ 1732ರಲ್ಲಿ ಕಟ್ಟಿ ಮುಗಿಸಿದ ವಾಡೆ ನೋಡಲು ಶನಿವಾರದವರೆಗೆ. ಸದಾಶಿವ, ನಾರಾಯಣ, ನಾನಾ ಪೇಠೆಗಳಿಗೋ ವಾರದಲ್ಲಿ ದಿನವೇ ಇಲ್ಲ. ಅವು ಮನುಷ್ಯರ ಹೆಸರು, ಅವರ ಪುರುಸೊತ್ತು ನೋಡಿಯೇ ಹೋಗಬೇಕು.

ಪೇಠೆ ತಿಳಿದರೂ ಮನೆ ಸಿಗುವುದಿಲ್ಲ. 'ಮಾರುತಿ ಗುಡಿಯ ಹತ್ತಿರ' ಅಂದರೆ ಪುಣೇಕರ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಯಾವ ಮಾರುತಿ? ಸೋನ್ಯಾ ಮಾರುತಿಯೋ, ಜಿಲಬ್ಯಾ ಮಾರುತಿಯೋ, ಡುಲ್ಯಾ ಮಾರುತಿಯೋ, ಭಿಕಾರದಾಸ ಮಾರುತಿಯೋ, ಪತ್ರ್ಯಾ ಮಾರುತಿಯೋ? ವಿಠೋಬನಾದರೆ ಉಪಾಶಿ ವಿಠೋಬನೋ ಪಾಸೋಡ್ಯಾ ವಿಠೋಬನೋ? ಕೃಷ್ಣನಿಗೂ ಬಿಡುಗಡೆಯಿಲ್ಲ, ಖುನ್ಯಾ ಮುರಲೀಧರ ಎಂಬ ಹೆಸರು ಹೊತ್ತು ನಿಂತಿದ್ದಾನೆ. ದೇವರಿಗೇ ಅಡ್ಡಹೆಸರಿಟ್ಟು ಗುರುತು ಹಿಡಿಯುವ ಊರಿನಲ್ಲಿ ಮೊಗಮ್ಮಾಗಿ ಮಾತಾಡಿದವನು ಬಿಸಿಲಲ್ಲಿ ಸುತ್ತಬೇಕಾದದ್ದೇ.

'ನನಗೆ ಯಾತಕ್ಕೂ ಮನಸ್ಸಿಲ್ಲ' ಅನ್ನುವುದೂ 'ಮಾರುತಿ ಗುಡಿಯ ಹತ್ತಿರ' ಅಂದಹಾಗೆಯೇ. ಯಾತಕ್ಕೂ ಅಂದರೆ ಯಾತಕ್ಕೆ? ಉಣ್ಣಲು ಮನಸ್ಸಿದೆ, ಕ್ರಿಕೆಟ್ ನೋಡಲು ಮನಸ್ಸಿದೆ, ಪಕ್ಕದ ಮನೆಯವರ ಹೊಸ ಕಾರಿನ ಬೆಲೆ ವಿಚಾರಿಸಲಂತೂ ವಿಶೇಷ ಮನಸ್ಸಿದೆ. ಆಲಸ್ಯ ಮೈತುಂಬ ಹರಡಿರುವುದು ಅಪರೂಪ. ಸಾಮಾನ್ಯವಾಗಿ ಅದು ಯಾವುದೋ ಒಂದು ಓಣಿಯ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರುತ್ತದೆ. ಪಟ್ಟಿ ಬರೆದರೆ ಆ ಮನೆ ಕಾಣುವುದಿಲ್ಲ, ಒಂದರ ಕೆಳಗೊಂದು ಕೆಲಸ ಕಾಣುತ್ತದೆ ಅಷ್ಟೆ. ಕೊಂಬೆ ಬಿಡಿಸಿದರೆ ಯಾವ ದಾರಿ ಎಲ್ಲಿ ಹೋಗಿ ನಿಂತಿತು ಅನ್ನುವುದು ಕಣ್ಣಿಗೆ ಬೀಳುತ್ತದೆ.

ಮಾಮಾನ ನಕಾಶೆಯಲ್ಲಿ ಆದದ್ದೂ ಅದೇ. ಮರುದಿನ ಸೊಸೆ ಎದುರಿಗೆ ಕುಳಿತು, ಗಣಪತಿಯನ್ನು ಅವನ ಪಾಡಿಗೆ ಬಿಟ್ಟು, ಹಾಲಿನ ಲೆಕ್ಕ ಬರೆದಿದ್ದ ಕಾಲನಿರ್ಣಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲೇ ಬರೆಸಿದಳು. ಐದು ಕೊಂಬೆಗಳಾದವು. ಆರೋಗ್ಯ, ಸಂಗೀತ, ಸಂಘ, ಬ್ಯಾಂಕು, ಮನೆ. ಆರೋಗ್ಯದಿಂದ ಹೊರಟ ಗೆರೆ ವೇತಾಳ ಟೇಕಡಿಗೆ ಹೋಯಿತು. ಯಾಕೆ ಬಿಟ್ಟಿರಿ? ಒಬ್ಬರೇ ಹೋಗಲು ಬೇಸರ. ಮೊದಲು ಯಾರ ಜೊತೆ ಹೋಗುತ್ತಿದ್ದಿರಿ? ಗದುಗಿನ ಗೆಳೆಯರ ಜೊತೆ. ಸಂಗೀತದ ಗೆರೆ ಹಾರ್ಮೋನಿಯಮ್ಮಿಗೆ ಹೋಯಿತು. ನುಡಿಸಿದರೆ ಹಾಡುವವರಾರು? ಗದುಗಿನ ಗೆಳೆಯರು. ಅದರದೇ ಇನ್ನೊಂದು ರೆಂಬೆ ಡಿಸೆಂಬರಿನ ಸವಾಯಿ ಗಂಧರ್ವ ಉತ್ಸವಕ್ಕೆ. ಗದುಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ ಉತ್ಸವ ಅದು. 'ನಮ್ಮವರದು' ಎಂದು ಇಬ್ಬರೂ ಎದೆಯುಬ್ಬಿಸಿ ಕೂತು ಕೇಳುತ್ತಿದ್ದದ್ದು. ಟಿಕೀಟು ತರುತ್ತಿದ್ದವರು? ಅವರೇ. ಸಂಘಕ್ಕೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದವರು? ಮತ್ತೆ ಅವರೇ. ನವೆಂಬರದಲ್ಲಿ ಪೆನ್ಶನ್ನಿಗೆ ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಜೊತೆಗೆ ಬರುತ್ತಿದ್ದವರು? ಮಾಮಾ ಪೆನ್ನು ಕೆಳಗಿಟ್ಟರು.

“ಅವರ ಕೂಡ ಜಗಳಾ ಏನ್ರಿ?”

“ಛೇ, ಜಗಳಾ ಯಾಕ?”

“ಮತ್ತ?”

ಬಹಳ ಹೊತ್ತು ಮಾರುತಿ ಗುಡಿ ಸುತ್ತಿದ ಮೇಲೆ ಮನೆ ಸಿಕ್ಕಿತು. ಜುಲೈ ತಿಂಗಳಲ್ಲಿ ಒಂದು ದಿನ ಮಳೆಗೆ ಸಿಕ್ಕು ಗೆಳೆಯರ ಛತ್ರಿ ಇಸಿದುಕೊಂಡು ಬಂದಿದ್ದರಂತೆ. ಮಗ ಪರದೇಶದಿಂದ ತಂದುಕೊಟ್ಟ ಛತ್ರಿ, ಗುಂಡಿ ಒತ್ತಿದರೆ ಬಿಚ್ಚುವಂಥದ್ದು, ಇನ್ನೊಮ್ಮೆ ಒತ್ತಿದರೆ ಮುಚ್ಚುವಂಥದ್ದು. ಅದು ಸಿಟಿ ಬಸ್ಸಿನಲ್ಲೇ ಉಳಿಯಿತು. ಹೊಸದು ಕೊಡಿಸೋಣವೆಂದರೆ ಅಂಥದ್ದು ಸಿಕ್ಕೀತೋ ಇಲ್ಲವೋ, ಹೇಳೋಣವೆಂದರೆ ಏನಂದುಕೊಂಡಾರೋ. ಆದ್ದರಿಂದ ಟೇಕಡಿ ಬೇಡವಾಯಿತು, ಹಾಡು ಬೇಡವಾಯಿತು, ಸಂಘ ಬೇಡವಾಯಿತು, ಮೊಣಕಾಲು ನೋಯತೊಡಗಿತು. ಒಂದು ಛತ್ರಿಯ ಕೆಳಗೆ ನಾಲ್ಕು ಕೊಂಬೆಗಳೂ ನಿಂತಿದ್ದವು. ವಿಕ್ರಮನ ಹೆಗಲೇರಿದ ಬೇತಾಳನಾದರೂ ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದ; ಇದು ಬಾಯಿ ಬಿಡದೆ ಹೆಗಲ ಮೇಲೆ ಕುಳಿತಿತ್ತು, ಅದೂ ವೇತಾಳನ ಟೇಕಡಿಗೆ ಹೋಗುವುದನ್ನೇ ತಪ್ಪಿಸಿ.

ಮಾಮಾ ಲಕ್ಷ್ಮೀ ರಸ್ತೆಗೆ ಹೋಗಿ ಒಂದು ಛತ್ರಿ ತಂದರು, ಗುಂಡಿಯದ್ದೇ. ಗೆಳೆಯರ ಮನೆ ಮುಟ್ಟಿ ಪೀಠಿಕೆ ಹಾಕುವಷ್ಟರಲ್ಲಿ ಅವರೇ ಗದರಿದರು: “ಛತ್ರಿ ಹಾಳಾಗಿ ಹೋಗಲಿ, ನೀ ಎಲ್ಲಿ ಹಾಳಾಗಿ ಹೋಗಿದ್ದಿ? ನೀ ಬರದ್ದಕ್ಕ ನನಗೂ ಟೇಕಡಿ ಹತ್ತೂ ಮನಸ್ಸ ಇಲ್ಲದಂಗಾಗೇದ!” ಅಂದರೆ ಒಬ್ಬರ ಆಲಸ್ಯ ಸ್ಕೂಟರಿನ ಹಿಂದೆ ಇನ್ನೊಬ್ಬರದನ್ನೂ ಕೂರಿಸಿಕೊಂಡು ತಿರುಗಿತ್ತು.

ಮುಗಿಯದ ಕೆಲಸ ಹೀಗೆ ಕಾಡುವುದೇಕೆ ಎಂದು ಮನಶ್ಶಾಸ್ತ್ರದವರು ನೂರು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ. ಬರ್ಲಿನ್ನಿನಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬಾಕೆ 1927ರಲ್ಲಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತದ್ದೇ ಹೆಚ್ಚು ನೆನಪಿರುತ್ತದೆ ಎಂದಳು. ಅವಳಿಗೆ ಆ ವಿಚಾರ ಹೊಳೆದದ್ದು ಹೋಟೆಲಿನ ಮಾಣಿಗಳಿಂದ ಎಂದು ಹೇಳುತ್ತಾರೆ: ಹಣ ಸಂದಾಯವಾಗುವವರೆಗೆ ಯಾರು ಏನು ತಿಂದರೆಂಬುದು ಅವರ ನಾಲಗೆಯ ತುದಿಯಲ್ಲಿ, ಸಂದಾಯವಾದ ಮೇಲೆ ಮರೆವು. ಫರ್ಗ್ಯುಸನ್ ರಸ್ತೆಯಲ್ಲಿ ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿಯಲ್ಲಿ ಕೂತಿದ್ದರೆ ಆಕೆಗೆ ಅದು ಇನ್ನೂ ಬೇಗ ಹೊಳೆಯುತ್ತಿತ್ತೋ ಏನೋ. ಝೈಗಾರ್ನಿಕ್ ಹೇಳಿದ್ದನ್ನು ಮತ್ತೆ ಪರೀಕ್ಷಿಸಿದವರಿಗೆಲ್ಲ ಅದೇ ಉತ್ತರ ಸಿಕ್ಕಿಲ್ಲ ಎಂಬ ತಂಟೆಯೂ ಉಂಟು. ನಮಗೆ ಹೆಚ್ಚು ಬೇಕಾದದ್ದು ಅಮೆರಿಕದ ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಕಂಡುಕೊಂಡ ಸಂಗತಿ. ಅರ್ಧಕ್ಕೆ ನಿಂತ ಕೆಲಸ ಬೇರೆ ಕೆಲಸದ ನಡುವೆ ಬಂದು ಕಾಡುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತು ಮಾಡಿಕೊಂಡರೆ ಸಾಕು, ಕೆಲಸ ಇನ್ನೂ ಆಗದಿದ್ದರೂ ಕಾಟ ತಗ್ಗುತ್ತದೆ. ಮನಸ್ಸಿಗೆ ಬೇಕಾದದ್ದು ಒಂದು ನಂಬುಗೆಯ ತಾರೀಖು. ದೆವ್ವವೂ ಅಷ್ಟಕ್ಕೇ ಸಮಾಧಾನಪಡುತ್ತಿತ್ತಲ್ಲ!

ಮಾಮಾನಿಗೆ ಇದೆಲ್ಲ ರುಚಿಸಿಹೋಗಿ, ಈಗ ಕಂಡವರಿಗೆಲ್ಲ ಕಾಗದ ಅಡ್ಡ ಇಡಲು ಹೇಳುತ್ತಾರೆ. ಪುಣೆಯ ಪೇಶ್ವೆ ದಫ್ತರವನ್ನೂ ಸಾಕ್ಷಿಗೆ ಎಳೆದು ತರುತ್ತಾರೆ. ಅಲ್ಲಿಯ ಕಾಗದಗಳನ್ನು ಆಯ್ದು ಗೋ. ಸ. ಸರದೇಸಾಯಿಯವರು ಹೊರತಂದದ್ದೇ 45 ಸಂಪುಟ; ರಾಜ್ಯ ಆಳಿದವರು ಹೀಗೆ ಬರೆದಿಟ್ಟೇ ಆಳಿದರು ನೋಡು ಅನ್ನುತ್ತಾರೆ. ಪೇಶ್ವೆಯರ ಕಾರಕೂನರು ರೋಜನಿಶಿಯಲ್ಲಿ ಬರೆದದ್ದು ಆದ ಕೆಲಸ, ಕೊಟ್ಟ ಅಪ್ಪಣೆ, ಖರ್ಚಾದ ರೂಪಾಯಿ. ನಾವು ಬರೆಯುವುದು ಆಗಬೇಕಾದ್ದು. ಈ ಭೇದ ಅವರಿಗೆ ಯಾರೂ ಹೇಳಿಲ್ಲ. ಬ್ಯಾಂಕಿನಲ್ಲಿ ಜಮೆ–ಖರ್ಚು ನೋಡಿದವರಿಗೆ ನಾವೇನು ಹೇಳುವುದು!

ಅವರ ಉಪದೇಶದಲ್ಲಿ ಕಾಳು ಜೊಳ್ಳು ತೂರಿ ಉಳಿದದ್ದನ್ನು ಇಲ್ಲಿ ಕೊಡುತ್ತೇನೆ. ಚಿತ್ರ ಬರೆಯಲು ಬರುತ್ತಿದ್ದರೆ ಬರೆಯಬೇಡಿ, ಒಂದು ಸೊನ್ನೆ ಸುತ್ತಿ ಸಾಕು. ಕಾಗದ ಎಷ್ಟು ಕೆಟ್ಟದಿದ್ದರೆ ಅಷ್ಟು ಒಳ್ಳೆಯದು. ಲಗ್ನಪತ್ರಿಕೆಯ ಬೆನ್ನು, ಔಷಧದ ಚೀಟಿ ಯಾವುದಾದರೂ ನಡೆದೀತು. ದುಬಾರಿ ವಹಿಯಲ್ಲಿ ಹೊಲಸು ಅಕ್ಷರ ಬರೆಯಲು ಕೈ ಹಿಂಜರಿಯುತ್ತದೆ, ಸತ್ಯ ಬರೆಯಲು ಇನ್ನೂ ಹಿಂಜರಿಯುತ್ತದೆ. ಕೊಂಬೆ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಪ್ರತಿ ಕೊಂಬೆಯ ತುದಿಯಲ್ಲಿ 'ಆರೋಗ್ಯ ಸುಧಾರಣೆ'ಯಂಥ ಚುನಾವಣೆಯ ಮಾತು ಇರಕೂಡದು. 'ಬೂಟಿನ ಅಟ್ಟೆ ಹೊಲಿಸು' ಅನ್ನುವಂಥದ್ದಿರಬೇಕು. ಯಾವ ಗೆರೆ ಎಳೆಯುವಾಗ ಒಂದು ಲೋಟ ನೀರು ಕುಡಿದು ಬರೋಣ ಅನ್ನಿಸುತ್ತದೋ ಆ ಗೆರೆಯನ್ನೇ ಗುರುತು ಹಾಕಿಕೊಳ್ಳಿ, ಛತ್ರಿ ಅಲ್ಲೇ ಇದೆ. ಅದನ್ನು ಅಂದೇ ಮಾಡಿ. ಉಳಿದವಕ್ಕೆ ವಾರ ಗೊತ್ತು ಮಾಡಿದರಾಯಿತು, ಅವು ತಕರಾರು ಮಾಡುವುದಿಲ್ಲ.

ಒಂದು ಮಾತನ್ನು ಮಾತ್ರ ಹರಟೆಗೆ ಹೊರತಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಇಷ್ಟದ್ದೂ ಬೇಡ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಆಲಸ್ಯವಲ್ಲ, ಅದಕ್ಕೆ ಬಣ್ಣದ ಪೆನ್ನು ಮದ್ದೂ ಅಲ್ಲ. ಡಾಕ್ಟರರ ಹತ್ತಿರ ಹೋಗಬೇಕು. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು.

ಇನ್ನು ಐದನೆಯ ಕೊಂಬೆ. ನಾಲ್ಕರ ಲೆಕ್ಕ ಛತ್ರಿಗೆ ಸಂದಾಯವಾಯಿತು, 'ಮನೆ' ಎಂಬ ಕೊಂಬೆ ಹಾಗೇ ಬೋಳಾಗಿ ಉಳಿದಿತ್ತು. ಮಾಮಾ ಅದಕ್ಕೆ ಏನೂ ಬರೆದಿರಲಿಲ್ಲ, ಬರೆಯುವಂಥದ್ದೇನೂ ತಿಳಿದಿರಲಿಲ್ಲ. ನಳದವನ ನಂಬರು, ಗ್ಯಾಸಿನ ತಾರೀಖು, ಕೆಲಸದವಳ ರಜೆ, ಬೀಗರ ಮನೆಯ ಮುಂಜಿವೆ, ಮೊಮ್ಮಗನ ಲಸಿಕೆ, ತಮ್ಮದೇ ಬಿಪಿ ಗುಳಿಗೆ ಮುಗಿಯುವ ದಿನ, ಇದ್ಯಾವುದೂ ಅವರ ತಲೆಯಲ್ಲಿ ಇರಲೇ ಇಲ್ಲ. ಅವೆಲ್ಲ ಇದ್ದದ್ದು ಮಾಮಿಯ ತಲೆಯಲ್ಲಿ.

“ನೀನೂ ಒಂದು ಬರಿಯಲ್ಲ, ತಲಿ ಹಗರ ಆಗ್ತದ” ಎಂದು ಮಾಮಾ ದೊಡ್ಡ ಮನಸ್ಸಿನಿಂದ ಕರೆದರು.

ಮಾಮಿ ಮೆಂತ್ಯೆ ಸೋಸುತ್ತ ಕುಳಿತಿದ್ದರು. “ನನ್ನ ತಲ್ಯಾಗ ನಂದೇನ್ ಅದರೀ? ನಿಮ್ಮವೇ ಎಲ್ಲಾ ತುಂಬ್ಯಾವ. ಇಳಸೂದಾದ್ರ ನಿಮ್ಮ ಕಾಗದದ ಮ್ಯಾಲೇ ಇಳಸ್ತೀನಿ, ಕೊಡ್ರಿ ಇಲ್ಲೆ.”

ಕೈ ಒರೆಸಿಕೊಂಡು ಬಂದು, ಅಪ್ಪಾ ಬಳವಂತ ಚೌಕದ ಹೊಸ ಕೆಂಪು ಪೆನ್ನೇ ಬೇಕೆಂದು ಇಸಿದುಕೊಂಡು, 'ಮನೆ' ಕೊಂಬೆಗೆ ಒಂದೊಂದಾಗಿ ರೆಂಬೆ ಬಿಡಿಸತೊಡಗಿದರು. ಹಾಲಿನ ಲೆಕ್ಕ ಮುಗಿದು ಹಾಳೆಯ ಅಂಚು ಬಂತು. ಗಣಪತಿಯಿದ್ದ ಡ್ರಾಯಿಂಗ್ ವಹಿಯ ಮುಂದಿನ ಪುಟ ತೆಗೆದರು. ಪ್ರತಿ ರೆಂಬೆಯ ತುದಿಗೆ ತಾರೀಖು, ವೇಳೆ, ಫೋನ್ ನಂಬರು. ಬುಜಾನ್ ನೋಡಿದ್ದರೂ ತಪ್ಪು ಹುಡುಕಲಾರದಷ್ಟು ಅಚ್ಚುಕಟ್ಟು. ಬರೆದು ಮುಗಿಸಿ, ಹಾಳೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಸಂಜೆ ಗೆಳತಿಯರ ಜೊತೆ ಟೇಕಡಿಗೆ ಹೊರಟರು. ಮಾಮಾನಿಗೆ ಈಗ ಉತ್ಸಾಹದ ಕೊರತೆ ಎಳ್ಳಷ್ಟೂ ಇಲ್ಲ. ಕೊರತೆ ಏನಿದ್ದರೂ ಪುರುಸೊತ್ತಿನದು.